ಜೊಂಪಿಗದ ನೆರಳು

ನಮ್ಮೂರಿನಲ್ಲಿ ಮರಗಳಿಲ್ಲ. ಊರು ಕೂತಿರುವುದೇ ಒಂದು ದೊಡ್ಡ ಕರಿಬಂಡೆಯ ಮೇಲೆ. ಬೇರು ಇಳಿಯಲು ಜಾಗವಿಲ್ಲ. ಮನೆಗಳೂ ಅದೇ ಕಲ್ಲಿನವು. ಬೇಸಿಗೆಯಲ್ಲಿ ಒಳಗೆ ಕೂತರೆ ಒಲೆಯೊಳಗೆ ಕೂತ ಹಾಗೆ, ಹೊರಗೆ ಕೂತರೆ ಕಾದ ಹಂಚಿನ ಮೇಲೆ ಕೂತ ಹಾಗೆ. ಇಂಥ ಊರಿನವರು ಬೆಣ್ಣೆ ಮಾರಿ ಬದುಕುತ್ತೇವೆ ಎಂದರೆ ಹೊರಗಿನವರಿಗೆ ನಗು ಬರುತ್ತದೆ. ನಗಲಿ. ನಮ್ಮ ಬೆಣ್ಣೆಯನ್ನು ಬಾಯಿಗಿಟ್ಟುಕೊಂಡ ಮೇಲೆ ಯಾರೂ ನಕ್ಕಿದ್ದನ್ನು ನಾನು ನೋಡಿಲ್ಲ.

ನಮ್ಮ ಬೆಣ್ಣೆ ಗಟ್ಟಿಯಾಗಿ ನಿಲ್ಲುವುದು ಜೊಂಪಿಗದ ನೆರಳಿನಲ್ಲಿ. ಊರಿನ ಪಡುವಣಕ್ಕೆ ಜಾಲಿ, ಕವಳಿ, ಬೋರೆಗಳ ಮುಳ್ಳುಕಾಡಿದೆ. ಜೊಂಪಿಗ ಆ ಕಾಡಿನ ಪ್ರಾಣಿ, ಬೇರೆಲ್ಲೂ ಇಲ್ಲವಂತೆ. ಮೇಕೆಗಿಂತ ಎತ್ತರ, ಎಮ್ಮೆಗಿಂತ ಗಿಡ್ಡ, ಬೂದಿ ಬಣ್ಣ, ಜೋತುಬಿದ್ದ ಉದ್ದ ಕಿವಿ, ಯಾವಾಗಲೂ ಅರ್ಧ ಮುಚ್ಚಿದ ಕಣ್ಣು. ನೆತ್ತಿಯ ಮೇಲೆ ಬಿಸಿಲಿರುವ ಹೊತ್ತಿನಲ್ಲಿ ಅದು ಎಲ್ಲಾದರೂ ಕಾಲು ಮಡಚಿ ಕೂತು, ಮೆಲುಕು ಹಾಕುತ್ತ ತೂಕಡಿಸುತ್ತದೆ. ಎಚ್ಚರವಾದಾಗ ಎದ್ದು, ಮೈ ಕೊಡವಿ ಹೊರಟುಹೋಗುತ್ತದೆ. ನೆರಳು ಮಾತ್ರ ಅಲ್ಲೇ ಉಳಿಯುತ್ತದೆ. ತಿಂಗಳುಗಟ್ಟಲೆ ಉಳಿಯುತ್ತದೆ. ಗೋಡೆಯ ನೆರಳಿಗೂ ಅದಕ್ಕೂ ಹೋಲಿಕೆಯಿಲ್ಲ. ಅದರೊಳಗೆ ಕಾಲಿಟ್ಟರೆ ಹೊಸ ಮಡಕೆಯ ನೀರಿನಲ್ಲಿ ಕಾಲಿಟ್ಟ ಹಾಗಿರುತ್ತದೆ. ಇಬ್ಬರು ಹೆಂಗಸರು ತಮ್ಮ ಗಡಿಗೆಗಳೊಂದಿಗೆ ಕೂರುವಷ್ಟು ಅಗಲವಿರುತ್ತದೆ, ಆ ಇಬ್ಬರು ಒಬ್ಬರನ್ನೊಬ್ಬರು ಸಹಿಸಿಕೊಂಡರೆ.

ನಮ್ಮ ಅಜ್ಜಿಯರ ಕಾಲದಲ್ಲಿ ನೆರಳು ಎಲ್ಲಿ ಬಿತ್ತೋ ಅಲ್ಲಿಗೆ ಗಡಿಗೆ ಹೊತ್ತುಕೊಂಡು ಹೋಗುತ್ತಿದ್ದರಂತೆ. ಒಮ್ಮೆ ಬಾವಿಯ ಹತ್ತಿರ, ಒಮ್ಮೆ ಮಸಣದ ದಾರಿಯಲ್ಲಿ. ಗಿರಾಕಿಗಳು ಊರೆಲ್ಲ ಹುಡುಕಿಕೊಂಡು ಬರಬೇಕಿತ್ತು. ನಮ್ಮ ತಾಯಂದಿರು ಜಾಣೆಯರಾದರು. ಹೊಸ್ತಿಲ ಮುಂದೆ ಬೆಲ್ಲದ ಉಂಡೆ ಇಡುವುದನ್ನು ಶುರುಮಾಡಿದರು. ಜೊಂಪಿಗಕ್ಕೆ ಬೆಲ್ಲವೆಂದರೆ ಪ್ರಾಣ. ತಿಂದು ಅಲ್ಲೇ ಮಲಗುತ್ತಿತ್ತು, ನೆರಳು ಬೇಕಾದ ಕಡೆಗೇ ಬೀಳುತ್ತಿತ್ತು. ಹೀಗೆ ಬೆಣ್ಣೆ ಬೀದಿ ಹುಟ್ಟಿತು. ಇದರಲ್ಲಿ ಒಂದೇ ತೊಡಕು. ಜೊಂಪಿಗ ತಾನೇ ಬಿಟ್ಟ ನೆರಳಿನ ಮೇಲೆ ಮತ್ತೆ ಬಂದು ಮಲಗಿದರೆ, ಏಳುವಾಗ ಅದನ್ನು ತನ್ನ ಜೊತೆ ಒಯ್ದುಬಿಡುತ್ತದೆ. ಅದಕ್ಕೇ ನಮ್ಮಲ್ಲಿ ನೆರಳು ಬಿದ್ದ ಕೂಡಲೇ ಅದರ ಮೇಲೆ ಹೆಂಗಸು ಕೂರುವುದು ರೂಢಿ. ಕೂರುವುದೆಂದರೆ ಕೂರುವುದೇ. ಊಟ ಅಲ್ಲೇ, ಜಗಳ ಅಲ್ಲೇ, ಮಗುವಿಗೆ ಹಾಲು ಕುಡಿಸುವುದೂ ಅಲ್ಲೇ. ನನ್ನ ತಂಗಿಯ ಮದುವೆಯ ಮಾತುಕತೆಯನ್ನು ನಮ್ಮವ್ವ ನೆರಳಿನಿಂದ ಏಳದೆಯೇ ಮುಗಿಸಿದಳು. ಬೀಗರು ಬಿಸಿಲಲ್ಲಿ ನಿಂತು ಬೇಗ ಒಪ್ಪಿಕೊಂಡರು.

ನನ್ನ ಹೆಸರು ಫಕೀರವ್ವ. ನನ್ನ ಹೊಸ್ತಿಲಿಗೆ ಬರುತ್ತಿದ್ದದ್ದು ಒಂದು ಹೆಣ್ಣು ಜೊಂಪಿಗ. ಅದಕ್ಕೆ ಹೆಸರಿಟ್ಟಿರಲಿಲ್ಲ, ನಮ್ಮಾಕೆ ಎನ್ನುತ್ತಿದ್ದೆ. ಬೀದಿಯಲ್ಲಿ ಎಲ್ಲರಿಗಿಂತ ಕಪ್ಪಗಿನ ನೆರಳು ಅವಳದು, ಎಲ್ಲರಿಗಿಂತ ಗಟ್ಟಿ ಬೆಣ್ಣೆ ನನ್ನದು. ಇದನ್ನು ನಾನು ದಿನಕ್ಕೊಮ್ಮೆಯಾದರೂ ಯಾರ ಮುಂದಾದರೂ ಹೇಳುತ್ತಿದ್ದೆ. ಎದುರು ಮನೆಯ ಹೂವಕ್ಕನ ಹೊಸ್ತಿಲಿಗೆ ಬರುತ್ತಿದ್ದ ಕಿವಿಹರುಕ ಗಂಡು ಹಿಂದಿನ ಬೇಸಿಗೆಯಲ್ಲಿ ದಾರಿ ನಡುವೆಯೇ ಬಿದ್ದು ಸತ್ತಿತ್ತು. ಅವಳ ಹಳೆಯ ನೆರಳು ಸವೆದು ಹೋದ ಮೇಲೆ ನನ್ನ ನೆರಳಿನ ಅರ್ಧದಲ್ಲಿ ಕೂರತೊಡಗಿದಳು. ನಾನು ಕರೆದಿರಲಿಲ್ಲ. ನನ್ನ ಗಂಡ ದ್ಯಾಮಣ್ಣ ನನ್ನನ್ನು ಕೇಳದೆಯೇ "ಬಾರವ್ವ, ಕುಂಡ್ರು" ಎಂದುಬಿಟ್ಟಿದ್ದ. ಎಮ್ಮೆ ಕಾಯುವವನಿಗೆ ಬೀದಿಯ ವ್ಯವಹಾರ ಏನು ಗೊತ್ತು? ಹೂವಕ್ಕನಿಗೆ ಗಂಡನಿಲ್ಲ, ಇಬ್ಬರು ಮಕ್ಕಳು. ಎದ್ದು ಹೋಗು ಎನ್ನಲು ಬಾಯಿ ಬರಲಿಲ್ಲ. ಬೇರೆಲ್ಲ ಮಾತು ಬಂದವು.

ಆ ವರ್ಷ ಅರಣ್ಯ ಇಲಾಖೆಯಿಂದ ಶಾಲ್ಮಲಾ ಎಂಬ ಮೇಡಂ ಬಂದರು. ದಕ್ಷಿಣದ ಕಡೆಯವರು. ಮೊದಲ ದಿನ ಬೀದಿಗೆ ಬಂದಾಗ ನೆರಳನ್ನು ತುಳಿಯದೆ ಬಿಸಿಲಿನಲ್ಲೇ ನಿಂತು ನನ್ನ ಬೆಣ್ಣೆ ಕೊಂಡರು. ರೊಟ್ಟಿಯ ಮೇಲೆ ಹಾಕಿಕೊಂಡು ಅಲ್ಲೇ ತಿಂದು, ಬೆರಳು ನೆಕ್ಕಿ, "ಇಂಥಾದ್ದು ನಾನು ಎಲ್ಲೂ ತಿಂದಿಲ್ಲ" ಎಂದರು. ಸರಕಾರದವರನ್ನು ಕಂಡರೆ ನನಗಾಗದು. ಆದರೆ ನನ್ನ ಬೆಣ್ಣೆಯನ್ನು ಹೊಗಳಿದವರನ್ನು ಪೂರ್ತಿಯಾಗಿ ದ್ವೇಷಿಸುವುದೂ ನನ್ನಿಂದಾಗದು.

ಚಳಿಗಾಲವೆಲ್ಲ ಆಕೆ ಮುಳ್ಳುಕಾಡಿನಲ್ಲಿ ಅಲೆದರು. ಕೈ ಮೈಯೆಲ್ಲ ಗೀರು. ಕೊನೆಗೆ ಒಂದು ದಿನ ಊರವರನ್ನು ಬಾವಿಯ ಹತ್ತಿರ ಸೇರಿಸಿದರು. ಹೆಂಗಸರು ನೆರಳು ಬಿಟ್ಟು ಬರಬೇಕಲ್ಲ, ಮನೆಮನೆಯ ಬೀಸುಕಲ್ಲುಗಳೆಲ್ಲ ಆ ದಿನ ನೆರಳು ಕಾದವು.

"ನೀವು ಜೊಂಪಿಗದ ಮರಿ ನೋಡಿ ಎಷ್ಟು ವರ್ಷ ಆಯ್ತು?" ಎಂದು ಮೇಡಂ ಕೇಳಿದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಿಗೂ ನೆನಪಾಗಲಿಲ್ಲ. ಬೆಣ್ಣೆಗೆ ಬೇಕಾದದ್ದು ದೊಡ್ಡ ನೆರಳು, ಮರಿಯ ವಿಚಾರ ಯಾರಿಗೆ ಬೇಕಿತ್ತು?

"ನಾನು ಒಂದು ನೋಡಿದೆ. ಹುಟ್ಟಿದ್ದನ್ನೂ ನೋಡಿದೆ, ಸತ್ತಿದ್ದನ್ನೂ ನೋಡಿದೆ," ಎಂದರು ಮೇಡಂ. ಮರಿಗೆ ಹುಟ್ಟುವಾಗ ನೆರಳಿರುವುದಿಲ್ಲ. ತನ್ನದು ಮೂಡುವವರೆಗೆ ಅದು ತಾಯಿಯ ನೆರಳಿನಲ್ಲೇ ಇರಬೇಕು. ಆ ತಾಯಿ ಬೆಳಗಿನಿಂದ ಮರಿಯ ಮೇಲೆ ನಾಲ್ಕು ಕಾಲೂರಿ ನಿಂತಿತ್ತಂತೆ. ಆದರೆ ಅದರ ಹೊಟ್ಟೆಯ ಕೆಳಗೆ ಬರೀ ಬಿಸಿಲು. ನೆರಳು ನಮ್ಮ ಬೀದಿಯಲ್ಲಿತ್ತು. ಸಂಜೆಯ ಹೊತ್ತಿಗೆ ಮರಿ ಒಣಗಿದ ಎಲೆಯಂತಾಯಿತಂತೆ. ಒಮ್ಮೆ ಬಿಟ್ಟ ನೆರಳು ಮತ್ತೆ ಮೂಡಲು ಕಾಲ ಬೇಕು, ಉಗುರು ಬೆಳೆದ ಹಾಗೆ ಮೆಲ್ಲಗೆ ಮೂಡುತ್ತದೆ. ನಾವು ಬೆಲ್ಲ ತೋರಿಸಿ ಮೂಡಿದಷ್ಟನ್ನೂ ಕರೆಸಿಕೊಳ್ಳುತ್ತಿದ್ದೆವು.

"ಕಾಡಿಗೆ ಬೇಲಿ ಹಾಕ್ತೀವಿ. ಜೊಂಪಿಗ ಊರಿಗೆ ಬರಬಾರದು. ಬಂದ್ರೆ ಇನ್ನು ಕೆಲವೇ ವರ್ಷ, ಒಂದೂ ಉಳಿಯಲ್ಲ."

ಹೂವಕ್ಕ ಎದ್ದು ನಿಂತಳು. "ಹಾಕ್ರಿ ಬೇಲಿ. ಅದರ ಒಳಗ ನಮ್ಮನ್ನೂ ಹಾಕಿಬಿಡ್ರಿ. ಜೊಂಪಿಗಕ್ಕ ಮೇವು ಹಾಕಾಕ ಮಂದಿ ಅದಾರ, ನನ್ನ ಮಕ್ಕಳಿಗೆ ಯಾರು ಹಾಕ್ತಾರ?"

"ನಿಮಗೆಲ್ಲ ತಣ್ಣಗಿಡೋ ಪೆಟ್ಟಿಗೆ ಕೊಡಿಸ್ತೀನಿ ಅಕ್ಕಾ," ಎಂದರು ಮೇಡಂ. ಮಾತಿಗೆ ತಪ್ಪಲಿಲ್ಲ, ಕೊಡಿಸಿದರು. ಬೆಳ್ಳನೆಯ ಚೆಂದದ ಪೆಟ್ಟಿಗೆಗಳು. ಆದರೆ ನಮ್ಮೂರಿಗೆ ಕರೆಂಟು ಬರುವುದು ಮುನಿಸಿಕೊಂಡ ಅಳಿಯ ಬಂದ ಹಾಗೆ, ಕೂರುವ ಮೊದಲೇ ಹೊರಟಿರುತ್ತದೆ. ಹೂವಕ್ಕನ ಪೆಟ್ಟಿಗೆಯಲ್ಲಿ ಅವಳ ಕೋಳಿ ಕಾವಿಗೆ ಕೂತಿತು. ನನ್ನದರಲ್ಲಿ ನಾನು ಜೋಳದ ಹಿಟ್ಟು ಇಟ್ಟುಕೊಂಡೆ.

ಬೇಲಿ ಬಂತು. ಕಲ್ಲಿನ ಕಂಬಗಳು, ಅವುಗಳ ನಡುವೆ ತಂತಿ, ಊರಿನ ದಿಕ್ಕಿಗೆ ಒಂದು ಗೇಟು. ಬೀದಿಗೆ ಹೊಸ ನೆರಳು ಬೀಳುವುದು ನಿಂತಿತು. ಇದ್ದ ನೆರಳುಗಳು ದಿನದಿಂದ ದಿನಕ್ಕೆ ತೆಳ್ಳಗಾದವು. ಬೀದಿಯ ಕೊನೆಮನೆಯ ಕಾಳವ್ವನ ನೆರಳು ಸೋಸಿದ ಚಹದ ಬಣ್ಣಕ್ಕೆ ಬಂತು. ಆದರೆ ನಮ್ಮಾಕೆ ಬೇಲಿ ಮುಗಿಯುವ ಸ್ವಲ್ಪ ಮೊದಲು ಬಂದು ನನ್ನ ಹೊಸ್ತಿಲಲ್ಲಿ ಗಾಢವಾಗಿ ತೂಕಡಿಸಿ ಹೋಗಿದ್ದಳು. ಆ ನೆರಳು ಮಸಿಯಂತಿತ್ತು, ಬೇಸಿಗೆ ಮುಗಿಯುವವರೆಗೂ ಬಾಳುವಂಥದ್ದು. ಸುಳ್ಳು ಯಾಕೆ ಹೇಳಲಿ, ಬೇಲಿ ನನಗೆ ಒಳ್ಳೆಯದನ್ನೇ ಮಾಡಿತ್ತು. ಬೇಸಿಗೆಯಲ್ಲೇ ನಮ್ಮ ಬೆಣ್ಣೆಗೆ ಬೇಡಿಕೆ, ಏಕೆಂದರೆ ಬೇರೆ ಊರುಗಳ ಬೆಣ್ಣೆ ಆಗ ನೀರಾಗಿರುತ್ತದೆ. ಪೇಟೆಯಿಂದ ಟೆಂಪೊ ತರುವ ರಾಜೇಸಾಬ ಪ್ರತಿ ಗಡಿಗೆಗೂ ಹೆಬ್ಬೆರಳು ಒತ್ತಿ ನೋಡುತ್ತಿದ್ದ. ಬೆರಳಿನ ಗುರುತು ಅಂಚು ಕಟ್ಟಿ ನಿಂತರೆ ಮಾತ್ರ ಕೊಳ್ಳುತ್ತಿದ್ದ. ಆ ಬೇಸಿಗೆಯಲ್ಲಿ ಅಂಚು ನಿಲ್ಲುತ್ತಿದ್ದದ್ದು ನನ್ನ ಗಡಿಗೆಯಲ್ಲಿ, ಮತ್ತೆ ನನ್ನ ಪಕ್ಕದ ಹೂವಕ್ಕನ ಗಡಿಗೆಯಲ್ಲಿ. ಬೀದಿಗೆ ಬೀದಿಯೇ ನಮ್ಮನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿತ್ತು. ನನಗೆ ಸುಖವಾಗಿ ನಿದ್ದೆ ಬರುತ್ತಿತ್ತು.

ಹಾಗಿರುವಾಗ ಒಂದು ದಿನ ದ್ಯಾಮಣ್ಣ ಎಮ್ಮೆ ಹೊಡೆದುಕೊಂಡು ಬಂದವನು ಕೈಕಾಲು ಕೂಡ ತೊಳೆಯದೆ ನನ್ನ ಎದುರಿಗೆ ನಿಂತ. ಅವನು ಮಾತು ಕಡಿಮೆ ಆಡುವ ಮನುಷ್ಯ.

"ನಿಮ್ಮಾಕಿ ಗೇಟಿನ ಹಂತ್ಯಾಕ ನಿಂತಾಳ."

"ನಿಲ್ಲಲಿ. ಬೆಲ್ಲದ ರುಚಿ ಹತ್ತೈತಿ. ಸಾಕಾಗಿ ತಾನ ಹೊಕ್ಕಾಳ ಒಳಗ."

"ದಿನಾ ನಿಲ್ಲಾಕತ್ತಾಳ. ಬಸುರಿ ಅದಾಳ," ಎಂದ ದ್ಯಾಮಣ್ಣ. ಆಮೇಲೆ ಹಗ್ಗ ಹಿಡಿದು ಕೊಟ್ಟಿಗೆಗೆ ಹೋದ.

ಮರುದಿನ ಬಿಸಿಲೇರಿದಾಗ ಹೂವಕ್ಕನಿಗೆ ನೆರಳು ನೋಡಿಕೊಳ್ಳಲು ಹೇಳಿ ಗೇಟಿಗೆ ಹೋದೆ. ನಮ್ಮಾಕೆ ತಂತಿಗೆ ಹಣೆ ಒತ್ತಿ ಊರಿನ ಕಡೆ ಮುಖ ಮಾಡಿ ನಿಂತಿದ್ದಳು. ಹೊಟ್ಟೆ ಎರಡೂ ಬದಿಗೆ ಜೋತಿತ್ತು. ಬೇಲಿಯ ಕಂಬಕ್ಕೆ ನೆರಳಿತ್ತು. ತಂತಿಗೆ ಕೂಡ ಗೆರೆ ಎಳೆದಂಥ ನೆರಳಿತ್ತು. ನನ್ನ ಸೆರಗಿಗಿತ್ತು, ತಂತಿಯ ಮೇಲೆ ಕೂತ ನೊಣಕ್ಕೂ ಇತ್ತು. ಅವಳ ಕಾಲ ಬುಡದಲ್ಲಿ ಮಾತ್ರ ಏನೂ ಇರಲಿಲ್ಲ. ನನ್ನ ಕೈ ಮೂಸಿದಳು, ಬೆಲ್ಲವಿರಲಿಲ್ಲ. ಅಂಗೈಗೆ ಹತ್ತಿದ್ದ ಬೆಣ್ಣೆಯ ಜಿಡ್ಡನ್ನೇ ನೆಕ್ಕಿದಳು. ನಾಲಿಗೆ ಒಣಗಿ ಮರಳಿನ ಹಾಗಾಗಿತ್ತು. ಅವಳಿಗೆ ಬೆಲ್ಲ ಬೇಕಾಗಿರಲಿಲ್ಲ. ತನ್ನದನ್ನು ಎಲ್ಲಿ ಬಿಟ್ಟಿದ್ದಾಳೋ ಆ ದಿಕ್ಕಿಗೆ ನೋಡುತ್ತ ನಿಂತಿದ್ದಳು. ನಾನು ಕೂತೆದ್ದು ಬಂದ ಜಾಗದ ಕಡೆಗೆ.

ಹಾಗೆಂದು ಆ ಕ್ಷಣವೇ ದೊಡ್ಡ ಮನಸ್ಸು ಬಂತು ಎಂದುಕೊಳ್ಳಬೇಡಿ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಬೇಸಿಗೆಯ ಲೆಕ್ಕವನ್ನೇ ಹಾಕುತ್ತಿದ್ದೆ. ನೆರಳು ಹೋದರೆ ಬೆಣ್ಣೆಯಿಲ್ಲ. ತುಪ್ಪ ಕಾಯಿಸಬಹುದು, ಆದರೆ ತುಪ್ಪ ಎಲ್ಲ ಊರಲ್ಲೂ ಇದೆ, ಅದಕ್ಕಾಗಿ ಈ ಬಂಡೆಗೆ ಯಾರು ಬರುತ್ತಾರೆ? ಉಳಿಯುವುದು ಕಲ್ಲು ಒಡೆಯುವ ಕೆಲಸ. ಬಂದು ನನ್ನ ನೆರಳಿನಲ್ಲಿ ಕೂತೆ. ಎಂದಿನ ತಂಪು ಹತ್ತಿತು. ಅದು ಯಾರ ತಂಪು ಎಂಬುದು ಆ ಹೊತ್ತು ಮರೆಯಲಾಗಲಿಲ್ಲ. ಎದ್ದು ಮತ್ತೆ ಗೇಟಿನ ಕಡೆಗೆ ಹೊರಟೆ.

ಮೇಡಂ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ಒಳಗೆ ಬೆಂಕಿಯ ಹಾಗೆ ಕಾದಿತ್ತು. ತಲೆಗೆ ಒದ್ದೆ ಟವೆಲ್ ಹಾಕಿಕೊಂಡು ಕೂತಿದ್ದರು.

"ಮೇಡಮ್ಮಾರ, ಗೇಟು ತಗೀರಿ," ಎಂದೆ.

"ತೆಗೆದ್ರೆ ನೀವೆಲ್ಲ ಬೆಲ್ಲ ಇಡ್ತೀರ."

"ಇಡಂಗಿಲ್ರಿ. ಆಕಿ ನೆಳ್ಳು ನನ್ನ ಹೊಸ್ತಿಲದಾಗ ಐತಿ. ಬಂದು ಒಯ್ಯಲಿ. ನಾ ಎದ್ದು ಕೊಡ್ತೀನಿ."

ಮೇಡಂ ಟವೆಲ್ ತೆಗೆದು ನನ್ನನ್ನೇ ನೋಡಿದರು. ಕಣ್ಣು ಕೆಂಪಾಗಿತ್ತು, ನಿದ್ದೆಯಿಲ್ಲದ ಕಣ್ಣು. "ಅದು ದಿನಾ ಇಲ್ಲಿ ನಿಲ್ಲೋದನ್ನ ನಾನೂ ನೋಡ್ತಿದ್ದೀನಿ ಫಕೀರವ್ವ. ಬೇಲಿ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಇದಕ್ಕೆ ಹೊಸ ನೆರಳು ಮೂಡೋಷ್ಟು ದಿನ ಉಳಿದಿಲ್ಲ."

"ಮತ್ತ ನನ್ನ ಕೇಳಬೇಕಿತ್ತಲ್ರಿ?"

"ಹೇಗೆ ಕೇಳಲಿ? ಬೀದೀಲಿ ಉಳಿದಿರೋ ಒಂದೇ ಒಳ್ಳೆ ನೆರಳು. ನಾನು ಕೊಟ್ಟ ಪೆಟ್ಟಿಗೇಲಿ ಕೋಳಿ ಕೂತಿದೆ. ಯಾವ ಮುಖ ಇಟ್ಕೊಂಡು ಕೇಳಲಿ?" ಎಂದರು. ಸರಕಾರದವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ನಾಳೆ ಮಧ್ಯಾಹ್ನ ಗೇಟು ತೆಗೆಯುವುದೆಂದು ಮಾತಾಯಿತು.

ಮೇಡಂ ಹತ್ತಿರ ಮಾತಾಡುವುದು ಸುಲಭವಿತ್ತು. ಹೂವಕ್ಕನಿಗೆ ಹೇಳುವುದು ಕಷ್ಟವಾಯಿತು. ಕೇಳಿದವಳೇ ಬೆಣ್ಣೆಯ ಕೈಯನ್ನು ಮಡಿಲಿಗೆ ಒರೆಸಿಕೊಂಡು ನನ್ನ ಮೇಲೆ ಏರಿ ಬಂದಳು.

"ಕೊಡೂದಕ್ಕ ನಿನಗೇನ? ನಿನಗ ದುಡಿಯೂ ಗಂಡ ಅದಾನ, ನಾಕು ಎಮ್ಮಿ ಅದಾವ. ನನಗ ಇರೂದು ಈ ಅರ್ಧ ನೆಳ್ಳು. ಯಾರನ್ನ ಕೇಳಿ ಮಾತು ಕೊಟ್ಟು ಬಂದಿ?"

"ನೆಳ್ಳು ನನ್ನ ಹೊಸ್ತಿಲದಾಗ ಐತಿ. ಯಾರನ್ನ ಕೇಳಬೇಕ ನಾನು?"

"ಹೊಟ್ಟಿ ನನ್ನ ಮಕ್ಕಳದು!"

ಜಗಳದಲ್ಲಿ ಸೋತಾಗ ನಾನು ಜೋರಾಗಿ ಕೂಗುವವಳು, ಅಂದು ಕೂಗಲಿಲ್ಲ. "ನೀ ಒಮ್ಮಿ ಗೇಟಿಗೆ ಹೋಗಿ ನೋಡಿ ಬಾ," ಎಂದೆ. "ನಾ ಎಲ್ಲಿಗೂ ಹೋಗಂಗಿಲ್ಲ. ನಾಳೆ ಏಳಂಗನೂ ಇಲ್ಲ," ಎಂದು ಹೂವಕ್ಕ ಮುಖ ತಿರುಗಿಸಿ ಕೂತಳು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಈಗಲೂ ಯೋಚಿಸುತ್ತೇನೆ. ತಪ್ಪು ಸಿಗುವುದಿಲ್ಲ.

ಮರುದಿನವೇ ರಾಜೇಸಾಬನ ಟೆಂಪೊ ಬರಬೇಕೇ? ಬಂತು. ಪೇಟೆಯ ಹೋಟೆಲಿನವರು ಮಾಮೂಲಿಗಿಂತ ಹೆಚ್ಚು ಬೆಣ್ಣೆ ಕೇಳಿದ್ದರಂತೆ. ಅವನು ತಕ್ಕಡಿ ಕಟ್ಟುತ್ತಿರುವಾಗಲೇ ಬೀದಿಯ ಆ ತುದಿಯಲ್ಲಿ ಗದ್ದಲ ನಿಂತಿತು. ನಮ್ಮಾಕೆ ನಡೆದು ಬರುತ್ತಿದ್ದಳು. ಹಿಂದೆ ದೂರದಲ್ಲಿ ಮೇಡಂ, ಅವರ ಹಿಂದೆ ದ್ಯಾಮಣ್ಣ. ಉರಿಬಿಸಿಲಿನಲ್ಲಿ ನೆರಳಿಲ್ಲದ ಪ್ರಾಣಿಯೊಂದು ಬೀದಿ ತುಂಬ ನಡೆದು ಬರುವುದನ್ನು ನಾವು ಅದಕ್ಕೆ ಮೊದಲು ನೋಡಿರಲಿಲ್ಲವೇ? ನೋಡಿದ್ದೆವು. ಅದು ಎಲ್ಲಿ ಮಲಗುತ್ತದೆ ಎಂಬುದರ ಮೇಲೆ ನಮ್ಮ ಕಣ್ಣಿರುತ್ತಿತ್ತು, ಅದರ ಕಾಲ ಬುಡ ನೋಡಿರಲಿಲ್ಲ.

ನಾನು ಎದ್ದೆ. ನನ್ನ ಗಡಿಗೆಗಳನ್ನು ಎತ್ತಿ ಹೊರಗಿಟ್ಟೆ. ನಮ್ಮಾಕೆ ಬಂದು ನೆರಳಿನ ಅಂಚಿನಲ್ಲಿ ನಿಂತಳು. ಹೂವಕ್ಕ ಅಲುಗಾಡಲಿಲ್ಲ. ಗಡಿಗೆಯನ್ನು ಎರಡೂ ಕೈಯಿಂದ ಅವುಚಿಕೊಂಡು ನೆಲ ನೋಡುತ್ತ ಕೂತಿದ್ದಳು. ಜೊಂಪಿಗ ಎಂದೂ ಮನುಷ್ಯರನ್ನು ದೂಡುವುದಿಲ್ಲ. ನಿಂತಿತು. ಅದರ ಉಸಿರು ಹೂವಕ್ಕನ ತಲೆಗೂದಲನ್ನು ಅಲುಗಿಸುತ್ತಿತ್ತು.

"ಏಳಸ್ರಿ ಆಕೀನ," ಎಂದು ಕಾಳವ್ವ ಅತ್ತ ಕಡೆಯಿಂದ ಕೂಗಿದಳು. ತನ್ನ ಚಹದ ಬಣ್ಣದ ನೆರಳಿನಿಂದ ತಾನು ಎದ್ದಿರಲಿಲ್ಲ.

ನಾನು ಎಬ್ಬಿಸಲಿಲ್ಲ. ಯಾವ ಬಾಯಿಂದ ಎಬ್ಬಿಸಲಿ? ಬಿಸಿಲಲ್ಲಿ ನನ್ನ ಗಡಿಗೆಗಳ ಪಕ್ಕ ಕೂತೆ. ಬಂಡೆ ಸೀರೆಯ ಮೂಲಕ ಸುಡುತ್ತಿತ್ತು. ಕಣ್ಣೆದುರೇ ಬೆಣ್ಣೆಯ ಮುದ್ದೆ ಮೆತ್ತಗಾಯಿತು, ಅಂಚು ಕಳೆದುಕೊಂಡಿತು, ಸುತ್ತ ಹಳದಿ ನೀರು ಒಸರಿತು. ನಸುಕಿನಲ್ಲಿ ಎದ್ದು ಕಡೆದ ಬೆಣ್ಣೆ. ನನಗೆ ಅಳು ಬಂತು, ಅತ್ತೆ. ಇಂಥದ್ದಕ್ಕೆಲ್ಲ ಅಳುವವಳಲ್ಲ ನಾನು.

ಹೂವಕ್ಕ ತಲೆ ಎತ್ತಿ ನನ್ನ ಗಡಿಗೆ ನೋಡಿದಳು. ಆಮೇಲೆ ನಮ್ಮಾಕೆಯ ಹೊಟ್ಟೆ ನೋಡಿದಳು. ಬೂದಿ ಬಣ್ಣದ ಚರ್ಮದ ಕೆಳಗೆ ಏನೋ ಹೊರಳಿತು. ಕೂತಲ್ಲಿಂದಲೇ ಅದು ಅವಳಿಗೆ ಕಾಣಿಸಿರಬೇಕು. ಹೂವಕ್ಕನೂ ಎರಡು ಹೆತ್ತವಳು.

"ನಿನ್ನ ಮನಿ ಹಾಳಾಗ್ಲಿ ಫಕೀರವ್ವ," ಎಂದು ಬೈಯುತ್ತ ಹೂವಕ್ಕ ಎದ್ದಳು. ಗಡಿಗೆ ಎತ್ತಿಕೊಂಡು ನನ್ನ ಪಕ್ಕಕ್ಕೆ ಬಂದು ಬಿಸಿಲಲ್ಲಿ ಕೂತಳು. ಇಡೀ ಹೊತ್ತು ಬೈದಳು, ನನ್ನನ್ನು, ಮೇಡಂ ಅವರನ್ನು, ಜೊಂಪಿಗವನ್ನು, ಸತ್ತ ತನ್ನ ಗಂಡನನ್ನು. ನಮ್ಮಾಕೆ ಕಾಲು ಮಡಚಿ ಮಲಗಿದಳು. ಕಣ್ಣು ಮುಚ್ಚಿದಳು. ಇಡೀ ಬೀದಿ ಕಾದು ನಿಂತಿತು. ಎದ್ದಾಗ ನನ್ನ ಹೊಸ್ತಿಲಲ್ಲಿ ಬರೀ ಕಲ್ಲಿತ್ತು, ಕಲ್ಲಿನ ಮೇಲೆ ಬಿಸಿಲಿತ್ತು. ಅವಳು ಕಾಡಿನ ದಾರಿ ಹಿಡಿದಾಗ ಮಸಿಯಂಥ ನೆರಳು ಕಾಲಿಗೆ ಅಂಟಿಕೊಂಡು ಜೊತೆಯಲ್ಲೇ ಹೋಯಿತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕಿತ್ತು ಎಂದು ನನಗೆ ಆಸೆಯಿತ್ತು.

ರಾಜೇಸಾಬ ಬಂದು ನನ್ನ ಗಡಿಗೆಗೆ ಹೆಬ್ಬೆರಳು ಒತ್ತಿದ. ಬೆರಳು ಗೆಣ್ಣಿನವರೆಗೂ ಇಳಿಯಿತು. "ಇದನ್ನ ಏನಂತ ಒಯ್ಲಿ ತಂಗಿ?" ಎಂದ. ಬೆರಳು ಒರೆಸಿಕೊಂಡು ಗಡಿಗೆಯ ಬಾಯಿಗೆ ಬಟ್ಟೆ ಮುಚ್ಚಿದ. ಕೆಟ್ಟವನಲ್ಲ. ಆದರೆ ಖಾಲಿ ಬುಟ್ಟಿಗಳೊಂದಿಗೇ ಹೋದ.

ಆ ಬೇಸಿಗೆ ನಮಗೆ ಹೇಗೆ ಕಳೆಯಿತು ಎಂದು ವಿವರಿಸಿ ನಿಮ್ಮ ಹೊಟ್ಟೆ ನೋಯಿಸುವುದಿಲ್ಲ. ತುಪ್ಪ ಕಾಯಿಸಿದೆವು, ಕೇಳಿದ ಬೆಲೆಗೆ ಕೊಟ್ಟೆವು. ಹೂವಕ್ಕ ಕಲ್ಲುಗಣಿಗೆ ಹೋದಳು. ದ್ಯಾಮಣ್ಣ ಒಂದು ಎಮ್ಮೆಯನ್ನು ಮಾರಿದ. ಬೀದಿಯಲ್ಲಿ ಕೆಲವರು ನನ್ನ ಹಾಗೆ ನೆರಳು ಬಿಟ್ಟುಕೊಟ್ಟರು. ಕೆಲವರು ಕೊಡಲಿಲ್ಲ, ಅವರ ನೆರಳು ತಾನೇ ಸವೆದು ಹೋಯಿತು. ಕಾಳವ್ವ ನನ್ನ ಜೊತೆ ಮಾತು ಬಿಟ್ಟಳು. ಅದೊಂದು ಲಾಭ ಎಂದು ದ್ಯಾಮಣ್ಣ ಹೇಳಿದ.

ಮೇಡಂ ಸುಮ್ಮನೆ ಕೂರಲಿಲ್ಲ. ಪೆಟ್ಟಿಗೆಯ ವಿಚಾರ ಬಿಟ್ಟು, ಮೇಲಿನವರ ಹತ್ತಿರ ಜಗಳವಾಡಿ ಬೇಲಿಯನ್ನು ಹಿಂದಕ್ಕೆ ಹಾಕಿಸಿದರು. ಮುಳ್ಳುಕಾಡಿನ ಅಂಚಿಗೆ ಒಂದು ಬೋಳುಬಂಡೆಯಿದೆ, ಅಂಗಳದಂತೆ ಸಪಾಟು. ಜೊಂಪಿಗಗಳು ಯಾರೂ ಕರೆಯದೆ, ತಮಗೆ ಬೇಕೆನಿಸಿದಾಗ ಅಲ್ಲಿಗೆ ಬಂದು ತೂಕಡಿಸುತ್ತವೆ. ಆ ಬಂಡೆ ನಮ್ಮ ಕಡೆಗೆ ಬಂತು, ಜೊಂಪಿಗಗಳು ಅಲ್ಲಿಗೆ ಬಂದು ಹೋಗಲು ಬೇಲಿಯಲ್ಲಿ ದಾರಿ ಬಿಡಿಸಿದರು. ಅಲ್ಲಿ ಬೀಳುವ ನೆರಳಿನಲ್ಲಿ ನಾವು ಕೂರಬಹುದು. ಕಲ್ಲುಗಣಿಯವರು ಅತ್ತ ಬಾರದಂತೆ, ಊರ ನಾಯಿಗಳು ನುಗ್ಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ, ಅದಕ್ಕೆ ಇಲಾಖೆ ಕೂಲಿ ಕೊಡುತ್ತದೆ. ಬೆಲ್ಲ ತಂದವರಿಗೆ ಅಲ್ಲಿ ಜಾಗವಿಲ್ಲ. ಜೊಂಪಿಗ ಬಂದು ಎದುರಿಗೆ ನಿಂತರೆ ಮರುಮಾತಿಲ್ಲದೆ ಏಳಬೇಕು. ಈ ಕೊನೆಯ ನಿಯಮವನ್ನು ಸೇರಿಸಿದ್ದು ಮೇಡಂ ಅಲ್ಲ, ಹೂವಕ್ಕ. ಗಣಿ ಬಿಟ್ಟು ಮೊದಲು ಬಂದವಳೂ ಅವಳೇ.

ಮೊದಲಿನ ಹಾಗೆ ಇಲ್ಲ. ನೆರಳು ಇವತ್ತಿರುತ್ತದೆ, ನಾಳೆ ಅದರ ಒಡೆಯ ಬಂದು ಒಯ್ಯುತ್ತಾನೆ. ನೆರಳು ಸಿಕ್ಕ ದಿನ ಬೆಣ್ಣೆ, ಸಿಗದ ದಿನ ತುಪ್ಪ. ಗಡಿಗೆ ಹೊತ್ತು ಅಷ್ಟು ದೂರ ನಡೆಯಬೇಕು. ರಾಜೇಸಾಬನ ಟೆಂಪೊ ಬಂಡೆ ಹತ್ತುವುದಿಲ್ಲ. ಅವನು ಏದುಸಿರು ಬಿಡುತ್ತ ಬುಟ್ಟಿ ಹೊತ್ತು ಬರುತ್ತಾನೆ, ಪ್ರತಿಸಲವೂ ಇದೇ ಕೊನೆ ಎನ್ನುತ್ತಾನೆ, ಮತ್ತೆ ಬರುತ್ತಾನೆ. ನಾನು ತೆಳ್ಳಗಾಗಿದ್ದೇನೆ, ನಾಲಿಗೆ ಅಷ್ಟೇ ಉದ್ದವಿದೆ.

ನಮ್ಮಾಕೆಯ ಸುದ್ದಿ ಮಾತ್ರ ಇರಲಿಲ್ಲ. ಹೆರಿಗೆಯಾಗಿರಬೇಕು, ಎಲ್ಲಿ ಎಂದು ತಿಳಿಯದು. ಮೇಡಂ ಹುಡುಕಿದರೂ ಸಿಗಲಿಲ್ಲ. ಮುಳ್ಳುಕಾಡು ದೊಡ್ಡದು. ನಾನು ದಿನಾ ಕೇಳುತ್ತಿದ್ದೆ, ಆಮೇಲೆ ಕೇಳುವುದನ್ನು ಬಿಟ್ಟೆ. ಕೇಳಿದಾಗ ಮೇಡಂ ಮುಖ ಚಿಕ್ಕದಾಗುತ್ತಿತ್ತು.

ಮಳೆ ಮುಗಿದು ಎಳೆಬಿಸಿಲು ಶುರುವಾದ ಕಾಲ. ನಾನೂ ಹೂವಕ್ಕನೂ ಬೋಳುಬಂಡೆಯ ಮೇಲೆ ಒಂದು ಸವೆದ ನೆರಳಿನಲ್ಲಿ ಕೂತಿದ್ದೆವು. ಅವಳ ಬದಿ ಹೆಚ್ಚು ಸವೆದಿತ್ತು. ಕಾಡಿನ ಅಂಚಿನಲ್ಲಿ ಬೋರೆಗಿಡ ಅಲುಗಿತು. ನಮ್ಮಾಕೆ ಹೊರಗೆ ಬಂದಳು, ಕಪ್ಪಗೆ ತನ್ನ ನೆರಳು ಎಳೆದುಕೊಂಡು. ಆ ನೆರಳಿನೊಳಗಿನಿಂದ, ಅದರಿಂದಲೇ ಒಡೆದು ಬಂದ ಹಾಗೆ, ಮೊಣಕಾಲೆತ್ತರದ ಒಂದು ಮರಿ ಹೊರಗೆ ಕಾಲಿಟ್ಟಿತು.

ಹೂವಕ್ಕ ನನ್ನ ಕೈ ಹಿಡಿದಳು. ಅಷ್ಟು ಗಟ್ಟಿಯಾಗಿ ಹಿಡಿಯಬೇಕಾಗಿರಲಿಲ್ಲ.

ಮರಿ ಬಂಡೆಯ ಮೇಲೆಲ್ಲ ಕುಣಿಯಿತು, ನಮ್ಮ ಗಡಿಗೆ ಮೂಸಿ ಸೀನಿತು, ತಾಯಿ ಮೆಲುಕು ಹಾಕುತ್ತ ನಿಂತಿರುವಾಗ ನಮ್ಮಿಂದ ಸ್ವಲ್ಪ ದೂರದಲ್ಲಿ ಬರಿಬಿಸಿಲಿನಲ್ಲೇ ಕಾಲು ಮಡಚಿ ತೂಕಡಿಸಿತು. ಎಚ್ಚರವಾದಾಗ ತಾಯಿ ಆಗಲೇ ಗಿಡದ ಮರೆಗೆ ಹೋಗಿದ್ದಳು. ಮರಿ ಗಾಬರಿಯಿಂದ ಎದ್ದು ಹಿಂದೆಯೇ ಓಡಿತು. ಅದು ಮಲಗಿದ್ದಲ್ಲಿ ಮೊರದಷ್ಟು ಅಗಲದ ನೆರಳು ಉಳಿದಿತ್ತು. ಅಷ್ಟು ಕಪ್ಪು ನೆರಳನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೈ ಇಟ್ಟೆ. ಬೆರಳು ಜೋಮು ಹಿಡಿಯುವಷ್ಟು ತಂಪು. ಒಂದು ಗಡಿಗೆಗೆ ಹೇಳಿ ಮಾಡಿಸಿದ ಹಾಗಿತ್ತು.

"ನೀ ಇಡ ನಿನ್ನ ಗಡಗಿ," ಎಂದೆ ಹೂವಕ್ಕನಿಗೆ. ಅವಳ ಬೆಣ್ಣೆ ಬಿಸಿಲು ತಾಗಿದ ಕಡೆ ಆಗಲೇ ಜಾರುತ್ತಿತ್ತು. ಅವಳು ಸುತ್ತಲಿಂದ ಪುಟ್ಟ ಪುಟ್ಟ ಕಲ್ಲು ಆರಿಸಿ ತಂದು ಆ ನೆರಳಿನ ಸುತ್ತ ಯಾರೂ ತುಳಿಯದಂತೆ ಸಾಲಾಗಿ ಜೋಡಿಸಿ, ಮತ್ತೆ ಬಂದು ನನ್ನ ಪಕ್ಕ ಕೂತಳು.

ರಾಜೇಸಾಬ ಬಂಡೆ ಹತ್ತಿ ಬಂದು ಬುಟ್ಟಿ ಇಳಿಸಿದ. ಬೆವರು ಒರೆಸಿಕೊಳ್ಳುತ್ತ ಕಲ್ಲುಗಳ ನಡುವೆ ನೋಡಿದ.

"ಇಷ್ಟು ಚಲೋ ನೆಳ್ಳು ಖಾಲಿ ಬಿಟ್ಟೀರಲ್ಲ. ಯಾರದಿದು?"

"ಅದರದ," ಎಂದಳು ಹೂವಕ್ಕ, ಕಾಡಿನ ಕಡೆಗೆ ಗದ್ದ ತೋರಿಸಿ. ಆಮೇಲೆ ಕರಗಿದ ಬದಿಯನ್ನು ಕೈಯಿಂದ ಬಳಿದು ಬೇರೆ ಪಾತ್ರೆಗೆ ಹಾಕಿ, ತನ್ನ ಗಡಿಗೆಯನ್ನು ಅವನ ಮುಂದೆ ಸರಿಸಿದಳು. "ನಂದು ಇವತ್ತ ಅರ್ಧಾನ ಐತ್ರಿ. ಅಷ್ಟ ತೂಗ್ರಿ."